ಮಾಂತ್ರಿಕ ಜೋಸಿಮ ಮತ್ತು ಕುಂಬಾರನ ಹೆಂಡತಿ

"ಗುರುಗಳೇ, ಪೇಟೆಗೆ ಹೊಸಬನೊಬ್ಬ ಬಂದಿದ್ದಾನೆ," ಎಂದ ಶಿಷ್ಯ. "ಕರ್ತನ ಹೆಸರು ಹೇಳಿಯೇ ದೆವ್ವ ಬಿಡಿಸುತ್ತಾನೆ. ನಮ್ಮ ಕ್ರೈಸ್ತ ಸಭೆಯವರೂ ಅವನ ಹಿಂದೆ ಹೋಗುತ್ತಿದ್ದಾರೆ. ಅವನು ಮಾಡುವುದು ದೇವರ ಕೆಲಸವೋ ಮಾಟವೋ, ತಿಳಿಯುವುದು ಹೇಗೆ?"

ಗುರು ಹೇಳಿದರು:

ಕರ್ತನ ಶಿಷ್ಯರಾದ ಅಪೊಸ್ತಲರ ಕಾಲದಲ್ಲಿ ಸಿರಿಯಾ ನಾಡಿನ ಒಂದು ಊರಿನಲ್ಲಿ ಜೋಸಿಮ ಎಂಬ ಮಾಂತ್ರಿಕನಿದ್ದ. ಒದ್ದೆ ಹುಲ್ಲಿಗೆ ಕೈ ತೋರಿಸಿ ಬೆಂಕಿ ಹೊತ್ತಿಸುತ್ತಿದ್ದ. ಕಲ್ಲಿನ ವಿಗ್ರಹವನ್ನು ಮಾತಾಡಿಸುತ್ತಿದ್ದ. ಅವನದೆಲ್ಲ ಕೈಚಳಕವೇ ಎಂದು ನಾನು ಹೇಳಲಾರೆ. ಕೆಲವರ ಜ್ವರ ನಿಜವಾಗಿಯೂ ಇಳಿದದ್ದುಂಟು. ಅವನನ್ನು ಕೇಳದೆ ಆ ಊರಿನವರು ಹೆಣ್ಣು ಕೊಡುತ್ತಿರಲಿಲ್ಲ, ಪ್ರಯಾಣ ಹೊರಡುತ್ತಿರಲಿಲ್ಲ.

ಅಲ್ಲಿ ಒಬ್ಬ ಕುಂಬಾರನ ಹೆಂಡತಿಯ ಮೈಮೇಲೆ ಬಿಳಿ ಮಚ್ಚೆಗಳೆದ್ದವು. ಕುಂಬಾರ ಅವಳನ್ನು ಜೋಸಿಮನ ಬಳಿಗೆ ಕರೆದುಕೊಂಡು ಹೋದ. ಜೋಸಿಮ ಜನರೆದುರು ಬೂದಿ ಊದಿದ. ಮಚ್ಚೆಗಳು ಕಾಣದಾದವು. ಜನ ಅಡ್ಡಬಿದ್ದರು.

ತಿಂಗಳು ಕಳೆಯುವುದರೊಳಗೆ ಮಚ್ಚೆಗಳು ಮತ್ತೆ ಎದ್ದವು. ಅವಳ ಬೆರಳುಗಳಿಗೆ ಬಿಸಿ ತಂಪು ತಿಳಿಯದಂತಾಯಿತು. ಕುಂಬಾರ ಮತ್ತೆ ಬಂದು ನಿಂತಾಗ ಸುತ್ತ ಜನ ತುಂಬಿದ್ದರು. ಜೋಸಿಮ ಮೊದಲು ಅವರನ್ನು ನೋಡಿದ, ಆಮೇಲೆ ಕುಂಬಾರನನ್ನು ನೋಡಿದ.

"ನನ್ನ ಮಂತ್ರ ಹುಸಿಯಾಗುವುದಿಲ್ಲ. ನಿನ್ನ ಹೆಂಡತಿ ನಿನ್ನ ಕಣ್ಣು ತಪ್ಪಿಸಿ ಏನೋ ಪಾಪ ಮಾಡಿದ್ದಾಳೆ," ಎಂದ.

ಜನ ನಂಬಿದರು. ಕುಂಬಾರನೂ ನಂಬಿದ. ಅವಳನ್ನು ಊರಾಚೆಯ ಸಮಾಧಿಗಳ ನಡುವೆ ಬಿಟ್ಟು ಬಂದ. ಮತ್ತೆ ಅತ್ತ ತಿರುಗಿ ನೋಡಲಿಲ್ಲ.

ಕೆಲವು ಕಾಲದ ಮೇಲೆ ಸಭೆಯ ಹಿರಿಯನಾದ ಎಲಿಯಾಬ ಎಂಬವನು ಆ ಊರಿಗೆ ಬಂದ. ಅವನು ಕೈಯಿಟ್ಟು ಪ್ರಾರ್ಥಿಸಿದಾಗ, ವರ್ಷಗಳಿಂದ ಮಾತು ನಿಂತಿದ್ದ ಮುದುಕನೊಬ್ಬ ಮಗಳನ್ನು ಹೆಸರು ಹಿಡಿದು ಕರೆದ. ಜನ ಜೋಸಿಮನನ್ನು ಬಿಟ್ಟು ಎಲಿಯಾಬನ ಕಡೆ ಬಂದರು. ಜೋಸಿಮನೂ ಬಂದ, ದೀಕ್ಷಾಸ್ನಾನ ಮಾಡಿಸಿಕೊಂಡ. ಒಂದು ದಿನ ಎಲಿಯಾಬ ಒಬ್ಬನೇ ಇದ್ದಾಗ ಜೋಸಿಮ ಅವನನ್ನು ಕೇಳಿದ: "ನಿಮ್ಮ ಕೈಯಲ್ಲಿರುವುದನ್ನು ನನಗೂ ಕೊಡಿ. ನಿಮಗಿಂತ ಹೆಚ್ಚು ಊರುಗಳನ್ನು ನಾನು ಕರ್ತನ ಬಳಿಗೆ ತರಬಲ್ಲೆ."

"ಬೆಳಿಗ್ಗೆ ನನ್ನ ಜೊತೆ ಬಾ," ಎಂದ ಎಲಿಯಾಬ.

ಎಲಿಯಾಬ ದಿನವೂ ಬೆಳಿಗ್ಗೆ ಸಮಾಧಿಗಳ ಕಡೆ ಹೋಗುತ್ತಿದ್ದ. ಊರಿನಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಅಲ್ಲಿದ್ದ ಕುಂಬಾರನ ಹೆಂಡತಿಯ ಹುಣ್ಣು ತೊಳೆದು, ಎಣ್ಣೆ ಹಚ್ಚಿ, ಅವಳ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದ. ಅವಳಿಗಾಗಿಯೂ ಪ್ರಾರ್ಥಿಸಿದ್ದ, ಹುಣ್ಣು ಮಾಯ್ದಿರಲಿಲ್ಲ.

ಜೋಸಿಮನನ್ನು ಕಂಡು ಅವಳು ಮುಸುಕೆಳೆದುಕೊಂಡಳು.

"ಅಯ್ಯಾ, ನಾನು ಯಾವ ಪಾಪವನ್ನೂ ಮಾಡಿರಲಿಲ್ಲ," ಎಂದಳು.

ಜೋಸಿಮ ಮುಖ ತಿರುಗಿಸಿದ. ಎಲಿಯಾಬ ಅವನ ಕೈಗೆ ಬಟ್ಟೆ ಕೊಟ್ಟು, "ಇವಳ ಕಾಲು ತೊಳೆ," ಎಂದ. ಜೋಸಿಮ ಸುತ್ತಲೂ ನೋಡಿದ. ಅಲ್ಲಿ ಬರೀ ಸಮಾಧಿಗಳಿದ್ದವು, ನೋಡುವ ಜನರಿರಲಿಲ್ಲ. ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಹೊರಟುಹೋದ. ಅದೇ ವಾರ ಊರನ್ನೂ ಬಿಟ್ಟ.

ಎಲಿಯಾಬ ಆ ಬೆಳಿಗ್ಗೆಯೇ ಸಮಾಧಿಗಳ ಬಳಿಯಿಂದ ನೇರವಾಗಿ ಕುಂಬಾರನ ಮನೆಗೆ ಹೋದ. "ತಾನು ಪಾಪ ಮಾಡಿಲ್ಲವೆಂದು ನಿನ್ನ ಹೆಂಡತಿ ಜೋಸಿಮನ ಮುಖಕ್ಕೇ ಹೇಳಿದಳು. ಅವನು ಅಲ್ಲವೆನ್ನಲಿಲ್ಲ," ಎಂದ.

ಕುಂಬಾರ ತಿರುಗುತ್ತಿದ್ದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದ. ಮಣ್ಣು ಮೆತ್ತಿದ ಕೈಯಲ್ಲೇ ಎದ್ದು ನಡೆದ. ಸಮಾಧಿಗಳ ಬಳಿ ಬಂದು, ಬಹಳ ಹೊತ್ತು ಅವಳಿಂದ ದೂರದಲ್ಲೇ ನಿಂತ. ಕೊನೆಗೆ ಹತ್ತಿರ ಹೋಗಿ ಅವಳ ಮುಂದೆ ಕೂತ. ಆ ದಿನದಿಂದ ಅವಳ ಹುಣ್ಣು ತೊಳೆಯುವ ಕೆಲಸ ಎಲಿಯಾಬನಿಗೆ ಉಳಿಯಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲೆ ಅವಳ ಕುಷ್ಠ ವಾಸಿಯಾಯಿತೇ?"

ಗುರು ಹೇಳಿದರು: "ಜೋಸಿಮನೂ ಪರವೂರಿನಿಂದ ಆಳು ಕಳಿಸಿ ಅದನ್ನೇ ವಿಚಾರಿಸಿದ. ಕುಂಬಾರ ಮಾತ್ರ ದಿನವೂ ಅವಳನ್ನು ಕೇಳುತ್ತಿದ್ದುದು, ಊಟವಾಯಿತೇ ಎಂದು."