ಸಾಂವಕ್ಕ ಕೊಟ್ಟ ಕುಲಾವಿ

ಹೊಳೆದಂಡೆಯ ಆ ಮಠ ಬಡ ಮಠ. ಗುರುಗಳಾದ ಅಜ್ಜಾರು ಒಬ್ಬರು, ಶಿಷ್ಯ ಒಬ್ಬ, ಒಂದು ಒಲೆ. ಆಸ್ತಿ ಎಂದರೆ ಒಂದು ಜೋಳಿಗೆ, ಅದರ ಜೊತೆಗೊಂದು ಕಟ್ಟಳೆ. ಜೋಳಿಗೆಗೆ ಏನು ಬಿದ್ದರೂ ಆರಿಸುವಂತಿಲ್ಲ, ತಿರುಗಿ ಕೊಡುವಂತಿಲ್ಲ. ತಿನ್ನುವಂಥದ್ದೆಲ್ಲ ಒಂದೇ ಗಡಿಗೆಗೆ ಹೋಗಬೇಕು. ಖಾರದ ಚಕ್ಕುಲಿ ಅಂಬಲಿಗೆ ಬಿದ್ದ ದಿನವೂ ಅಜ್ಜಾರು ಬಾಯಿ ಚಪ್ಪರಿಸಿಯೇ ಉಂಡಿದ್ದರು.

ಶಿಷ್ಯನ ಹೆಸರು ಅಡಿವೆಯ್ಯ. ಅವನು ಮಠಕ್ಕೆ ಬಂದದ್ದೇನೂ ದೇವರನ್ನು ಹುಡುಕಿಕೊಂಡಲ್ಲ. ಅವನ ಊರಿನ ಹೊಲಗಳನ್ನು ಸರ್ಕಾರ ತೆಗೆದುಕೊಳ್ಳಲು ಬಂದಾಗ ಜನ ರಸ್ತೆಗಿಳಿದಿದ್ದರು. ಗೋಲಿಬಾರ್ ಆಯಿತು. ಅಣ್ಣ ಗುರುಪಾದ ಅಲ್ಲೇ ಬಿದ್ದ.

ಆಗ ನಾಡನ್ನು ಆಳುತ್ತಿದ್ದವರು ಹೊನ್ನಕೇರಿ ಸಾಹೇಬರು. ಗುಂಡು ಹಾರಿಸಿದ್ದು ಸರಿಯೇ ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿದರು. ಅಡಿವೆಯ್ಯ ಅಣ್ಣನ ಹೆಣದ ಮುಂದೆ ಅಳಲಿಲ್ಲ. ಆಮೇಲೂ ಅಳಲಿಲ್ಲ. ಅಳು ಎದೆಯಲ್ಲೇ ಕಲ್ಲಾಗಿ ಕೂತಿತ್ತು, ಅದನ್ನು ಹೊತ್ತುಕೊಂಡೇ ಅವನು ಅಜ್ಜಾರ ಬಳಿ ಬಂದಿದ್ದ.

ಅವತ್ತು ಬೆಳಿಗ್ಗೆ ಭಿಕ್ಷೆಗೆಂದು ಊರೊಳಗೆ ಕಾಲಿಟ್ಟರೆ ಪೇಟೆ ಬಿಕೋ ಎನ್ನುತ್ತಿತ್ತು. ಅಂಗಡಿಗಳ ಬಾಗಿಲು ಅರ್ಧ ಎಳೆದಿದ್ದವು. ಚಹದಂಗಡಿಯ ಟೀವಿ ಮುಂದೆ ಜನ ಕೈಯಲ್ಲಿನ ಚಹ ಕುಡಿಯುವುದನ್ನೂ ಮರೆತು ನಿಂತಿದ್ದರು. ಹಿಂದಿನ ಸಂಜೆ ಗಟ್ಟಿ ದನಿಯಲ್ಲಿ ಭಾಷಣ ಮಾಡಿದ್ದ ಹೊನ್ನಕೇರಿ ಸಾಹೇಬರು ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಎದೆನೋವು ಎಂದವರು ಏಳಲೇ ಇಲ್ಲವಂತೆ.

ಈ ದಿನ ಬರಲೆಂದು ಅಡಿವೆಯ್ಯ ಎಷ್ಟು ಬೇಡಿದ್ದನೋ. ಬಂದಾಗ ಏನು ಮಾಡಬೇಕೆಂದು ತಿಳಿಯದೆ, ರೂಢಿಯ ಮೇಲೆ ಭಿಕ್ಷೆಯ ಹಾದಿ ಹಿಡಿದ.

ಮೇಲಿನ ಓಣಿಯಲ್ಲಿ ಯಮನೂರಪ್ಪ ಪೇಢೆ ಹಂಚುತ್ತಿದ್ದ. ಗುರುಪಾದ ಬಿದ್ದ ಗೋಲಿಬಾರಿನಲ್ಲೇ ಅವನ ಮಗನೂ ಬಿದ್ದಿದ್ದ. ಕೆಲವರು ನಕ್ಕು ಪೇಢೆ ತೆಗೆದುಕೊಂಡರು, ಕೆಲವರು ಬೈದು ಬಾಗಿಲು ಹಾಕಿಕೊಂಡರು. ಅಡಿವೆಯ್ಯನನ್ನು ಕಂಡವನೇ ಯಮನೂರಪ್ಪ ಒಂದು ಪೇಢೆ ಅವನ ಬಾಯಿಗಿಟ್ಟ, ಒಂದು ಹಿಡಿ ಜೋಳಿಗೆಗೆ ಸುರಿದ. ಅಡಿವೆಯ್ಯ ನುಂಗಿದ. ಪೇಢೆ ಸಿಹಿಯಾಗಿಯೇ ಇತ್ತು.

ಅಲ್ಲಿಂದ ಅವನು ಕೆಳಗಿನ ಓಣಿಗೆ ಇಳಿದ. ಹಳೆ ಸೀರೆಗಳ ಕೌದಿ ಹೊಲಿದು ಬದುಕುವ ಮುದುಕಿ ಸಾಂವಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಅತ್ತು ಅತ್ತು ಅವಳ ಮುಖ ಬಾತಿತ್ತು. ಹೊಳೆ ಊರಿಗೆ ನುಗ್ಗಿದ ವರ್ಷ ಎಲ್ಲರೂ ಅವಳನ್ನು ಮಾಳಿಗೆಯ ಮೇಲೆ ಮರೆತುಬಂದಾಗ, ಇನ್ನೂ ಹರೆಯದ ಹೊನ್ನಕೇರಿ ಸಾಹೇಬರು ಎದೆಮಟ್ಟದ ನೀರಿನಲ್ಲಿ ಬಂದು ಅವಳನ್ನು ಹೆಗಲ ಮೇಲೆ ಹೊತ್ತು ದಂಡೆ ಸೇರಿಸಿದ್ದರಂತೆ.

ಜಂಗಮ ಬರಿಗೈಲಿ ಹೋಗಬಾರದೆಂದು ಅವಳು ಗೋಡೆ ಹಿಡಿದುಕೊಂಡು ಎದ್ದು ಒಂದು ಬೊಗಸೆ ಜೋಳ ತಂದಳು. ಜೋಳಿಗೆಯ ಬಾಯಿ ತೆರೆದಾಗ ಪೇಢೆ ಕಣ್ಣಿಗೆ ಬಿತ್ತು.

“ಇವತ್ತ ಯಾರು ಪೇಢೆ ಹಂಚ್ಯಾರಪ್ಪಾ?”

ಅಡಿವೆಯ್ಯ, “ಅಲ್ಲೊಂದು ಮನಿಯಾಗ ಕೂಸು ಹುಟ್ಟೇತಿ, ಯವ್ವಾ,” ಎಂದುಬಿಟ್ಟ.

ಸಾಂವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಒಂದು ಕುಲಾವಿ ತಂದಳು. ಬಣ್ಣಬಣ್ಣದ ಚಿಂದಿ ಕೂಡಿಸಿ ಹೊಲಿದ, ಅಂಗೈಯಗಲದ ಕೂಸಿನ ಟೊಪ್ಪಿಗೆ.

“ಆ ಕೂಸಿಗೆ ಕೊಡಪ್ಪಾ. ದೊಡ್ಡ ಜೀವ ಹೋದ ದಿನ ಬಂದೈತಿ, ತಂಪಾಗಿರಲಿ,” ಎಂದು ಅದನ್ನೂ ಜೋಳಿಗೆಗೆ ಹಾಕಿದಳು.

ಮಧ್ಯಾಹ್ನ ಮಠಕ್ಕೆ ಬಂದ ಅಡಿವೆಯ್ಯ ಕಾಲು ತೊಳೆಯಲಿಲ್ಲ, ಕೂರಲೂ ಇಲ್ಲ. ಜೋಳಿಗೆಯನ್ನು ಅಜ್ಜಾರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದ. ಅಜ್ಜಾರು ಒಲೆಗೆ ಕಟ್ಟಿಗೆ ಒಟ್ಟುತ್ತ ಕೇಳಿಸಿಕೊಂಡರು.

“ಪೇಢೆ ಹೊಳಿಗೆ ಚೆಲ್ಲಿ ಬರ್ತೀನ್ರಿ.”

“ಆರಸೂವಂಗಿಲ್ಲ.”

“ಕುಲಾವಿನಾದ್ರೂ ಆಕಿಗೆ ಕೊಟ್ಟು ಬರ್ತೀನಿ.”

“ತಿರುಗಿ ಕೊಡೂವಂಗಿಲ್ಲ.”

ಅಡಿವೆಯ್ಯ ಹೆಗಲ ಮೇಲಿನ ಕಾವಿವಸ್ತ್ರ ತೆಗೆದು ಜೋಳಿಗೆಯ ಪಕ್ಕದಲ್ಲಿಟ್ಟ. ಇನ್ನು ಈ ಮಠದಲ್ಲಿರಲು ತಾನು ಯೋಗ್ಯನಲ್ಲ, ತನ್ನನ್ನು ಬಿಟ್ಟುಬಿಡಬೇಕು ಎಂದ. ಸಾವಿನ ಸಿಹಿ ತಿಂದ ಬಾಯಿ, ಅದೇ ಬಾಯಿಂದ ಮುದುಕಿಯ ಮುಂದೆ ಸುಳ್ಳು.

“ನಮ್ಮಣ್ಣನ್ನ ಕೊಂದಾವನೂ ಅವನ, ಆಕಿನ್ನ ಹೊತ್ತಾವನೂ ಅವನ. ಒಬ್ಬನ ಮನಷ್ಯಾ, ಅಜ್ಜಾರ. ನಾ ಯಾರ ಕೂಡ ನಿಂದರಲಿ?”

ಅಜ್ಜಾರು ಗಡಿಗೆಯನ್ನು ಒಲೆಯ ಮೇಲಿಟ್ಟರು.

“ಯಮನೂರಪ್ಪ ತಾನು ಪೇಢೆ ತಿಂದನೇನು?”

ಅಡಿವೆಯ್ಯ ನೆನೆಸಿಕೊಂಡ. ಯಮನೂರಪ್ಪ ಓಣಿಯ ಮಂದಿಯ ಬಾಯಿಗೆಲ್ಲ ಪೇಢೆ ಇಟ್ಟಿದ್ದ. ಯಾರೋ ಅವನ ಬಾಯಿಗೂ ಇಡಲು ಹೋದಾಗ ತುಟಿ ಬಿಗಿಹಿಡಿದು ಮುಖ ತಿರುಗಿಸಿದ್ದ.

“ಇಲ್ರಿ.”

ಅಜ್ಜಾರು ತಲೆಯಾಡಿಸಿದರು. ಸಾಂವಕ್ಕನ ಜೋಳವನ್ನು ಒರಳಲ್ಲಿ ನುಚ್ಚು ಮಾಡಿ ಕುದಿಯುವ ನೀರಿಗೆ ಹಾಕಿದರು. ಯಮನೂರಪ್ಪನ ಪೇಢೆಗಳನ್ನು ಬೆರಳಲ್ಲಿ ಮುರಿದು ಅದರ ಮೇಲೆ ಉದುರಿಸಿದರು. ಬಹಳ ಹೊತ್ತು ತಿರುವಿದರು. ಎರಡು ತೆಂಗಿನ ಪರಟೆಗಳಿಗೆ ಬಡಿಸಿ ಒಂದನ್ನು ಅಡಿವೆಯ್ಯನ ಕೈಗಿಟ್ಟರು.

“ಹೋಗಾವಿದ್ರ ಉಂಡು ಹೋಗು.”

ಅಡಿವೆಯ್ಯ ಒಂದು ಗುಟುಕು ಕುಡಿದ. ಯಾವುದು ಯಾರ ಮನೆಯದೆಂದು ನಾಲಿಗೆಗೆ ತಿಳಿಯಲಿಲ್ಲ. ತುಟಿ ಬಿಗಿಹಿಡಿದ ಯಮನೂರಪ್ಪ ಕಣ್ಣ ಮುಂದೆ ಬಂದ, ಗೋಡೆ ಹಿಡಿದುಕೊಂಡು ಏಳುವ ಸಾಂವಕ್ಕ ಬಂದಳು. ಅವರ ಹಿಂದೆಯೇ, ರಸ್ತೆಯ ಮೇಲೆ ಅಂಗಾತ ಬಿದ್ದ ಗುರುಪಾದ ಬಂದ.

ಎರಡನೆಯ ಗುಟುಕು ಒಳಗಿಳಿಯಲಿಲ್ಲ. ಎದೆಯಿಂದ ಏನೋ ಕಿತ್ತುಕೊಂಡು ಮೇಲೆ ಬಂತು. ಪರಟೆ ಕೆಳಗಿಟ್ಟು ಅಡಿವೆಯ್ಯ ಅಳತೊಡಗಿದ. ಅಣ್ಣನ ಹೆಸರು ಹಿಡಿದು ಅತ್ತ. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡುವಷ್ಟು ಅತ್ತ. ಅವನಿಗೆ ನಾಚಿಕೆಯಾಗಲಿಲ್ಲ.

ಅಜ್ಜಾರು ತಮ್ಮ ಅಂಬಲಿಯನ್ನು ಕೊನೆಯ ಹನಿಯವರೆಗೂ ಕುಡಿದರು. ಜೋಳಿಗೆಯ ತಳದಲ್ಲಿ ಕುಲಾವಿ ಉಳಿದಿತ್ತು. ಅದನ್ನು ಹೊರಗೆ ತೆಗೆದು, ಅಂಟಿದ ಜೋಳದ ಕಾಳು ಕೊಡವಿ, ಅಡಿವೆಯ್ಯನ ಮಡಿಲಲ್ಲಿಟ್ಟರು.

“ನೀ ಆಕಿಗೆ ಸುಳ್ಳು ಹೇಳಿಲ್ಲ ಬಿಡು,” ಎಂದರು. “ಕೂಸು ಅಳೂದು ನನಗ ಕೇಳಾಕತ್ತೈತಿ.”