ರಾಜಕಾಲುವೆಯ ನೀಲಿ

ನಂಬೋದಾದರೆ ನಂಬಿ, ಇಲ್ಲದಿದ್ದರೆ ಎದ್ದು ಹೋಗಿ. ಒಬ್ಬ ರಾಜನ ಬಿಳಿ ಮೀಸೆ ಒಂದೇ ಮುಳುಗಿಗೆ ನೀಲಿಯಾಯಿತು. ಹಾಗೆ ಮಾಡಿದವನು ನಮ್ಮಂಥ ಹಳ್ಳಿಯವನೇ, ನೀರಗಂಟಿ ಕೆಂಚ.

ಹೊಂಗೆಪುರದ ಸೀಮೆಯಲ್ಲಿ ಕಾಲುವೆಯ ನೀರು ಬಿಡುವುದು, ಕಟ್ಟುವುದು ಅವನ ಕೆಲಸ. ಬಾಯಿ ಬಿಟ್ಟರೆ ಬಡಾಯಿ. ತನ್ನ ಕೆರೆಯಲ್ಲಿ ಚಂದ್ರನೇ ಬಂದು ಮುಖ ತೊಳೆಯುತ್ತಾನೆ ಅನ್ನುತ್ತಿದ್ದ.

ಮೊದಲ ಮಳೆ ಬಂತು. ಕೆರೆ ನೀಲಿಯಾಯಿತು, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಎರಡನೇ ಮಳೆ ಬಂತು. ಸಾಕವ್ವನ ಬಿಳಿ ಹಸು ನೀರು ಕುಡಿದು ತಲೆ ಎತ್ತಿದರೆ ಮೂತಿ ನೀಲಿ. ಸಂಜೆ ಕಾಲು ಮಡಿಸಿ ಮಲಗಿದ್ದು ಏಳಲೇ ಇಲ್ಲ. ಊರವರು ದಂಗಾದರು. ಇನ್ನೊಂದು ಮಳೆಗೂ ಹೀಗಾದರೆ ಊರು ಬಿಡು ಎಂದು ಕೆಂಚನಿಗೆ ಹೇಳಿಬಿಟ್ಟರು.

ಕೆಂಚ ಕಾಲುವೆಯ ಗುಂಟ ಮೇಲಕ್ಕೆ ಹೋದ. ನೋಡಿದರೆ, ಅರಮನೆಯ ಬಟ್ಟೆಗಳನ್ನು ಬಣ್ಣಕ್ಕೆ ಅದ್ದಿಕೊಡುವ ದುಗ್ಗರಸ ಹಳೆ ನೀಲಿ ಬಣ್ಣದ ಕೊಪ್ಪರಿಗೆಗಳನ್ನು ದಂಡೆಗೆ ತಂದಿಟ್ಟು, ಮಳೆ ಬಂದರೆ ಬಗ್ಗಿಸೋಣ ಅಂತ ಮೋಡ ನೋಡುತ್ತ ಕೂತಿದ್ದ. ಕೆಂಚ ಹಸು ಸತ್ತದ್ದನ್ನು ಹೇಳಿದ.

"ಲೇ, ಇದರ ಹೆಸರೇನು? ರಾಜಕಾಲುವೆ. ರಾಜರದ್ದು. ನಿನಗೇನೋ ಉರಿ?"

"ಹೌದಲ್ವಾ ದುಗ್ಗರಸಯ್ಯ, ಮರೆತೇಹೋಗಿತ್ತು," ಎಂದು ಕೆಂಚ ಇಳಿದು ಬಂದ.

ಮೂರನೇ ಮಳೆ ಬಂತು. ಮೇಲೆ ದುಗ್ಗರಸ ಕೊಪ್ಪರಿಗೆ ಬಗ್ಗಿಸಿದ. ಕೆಂಚ ಕೆರೆಯ ತೂಬು ಮುಚ್ಚಿ ಅದೇ ಕಾಲುವೆಯಿಂದ ಅರಮನೆ ಕೊಳಕ್ಕೆ ನೀರು ಹೋಗುವ ತೂಬು ಎತ್ತಿದ. ರಾಜ ಮೀಯಲು ಇಳಿದ. ಮುಳುಗಿದ. ಎದ್ದ. ರಾಣಿ ಚೀರಿಕೊಂಡು ಕೂತುಬಿಟ್ಟಳು.

ಸಭೆ ಸೇರಿತು. ಇದು ಯಾರ ಕೆಲಸ ಎಂದು ರಾಜ ಕೇಳಿದ. ದುಗ್ಗರಸ ಕಂಬದ ಮರೆಗೆ ಸರಿದ. ಕೆಂಚ ಎದೆ ಉಬ್ಬಿಸಿ ಮುಂದೆ ಬಂದ.

"ನಂದೇ, ಬುದ್ಧಿ. ಈ ನೀಲಿ ಕಲಸಿದವನು ನಾನು. ಎಷ್ಟು ಉಜ್ಜಿದರೂ ಹೋಗಲ್ಲ. ದುಗ್ಗರಸಯ್ಯ ಏಳು ಜನ್ಮ ಎತ್ತಿದರೂ ಇಂಥದ್ದು ಅವರ ಕೈಲಾಗಲ್ಲ."

ದುಗ್ಗರಸನಿಗೆ ತಡೆಯಲಾಗಲಿಲ್ಲ. "ಸುಳ್ಳು, ಬುದ್ಧಿ. ಅದು ನನ್ನ ಕೊಪ್ಪರಿಗೆಯ ನೀಲಿ," ಎಂದವನೇ ತನ್ನ ಬಾಯಿ ತಾನೇ ಮುಚ್ಚಿಕೊಂಡ.

ಕೆಂಚ ಮೀನು, ಹಸು, ದುಗ್ಗರಸನ ಮಾತು ಎಲ್ಲವನ್ನೂ ಒದರಿದ. ರಾಜರದ್ದನ್ನು ರಾಜರಿಗೇ ತಲುಪಿಸಿದೆ ಎಂದ.

ರಾಜನ ಅಪ್ಪಣೆಯಂತೆ ದುಗ್ಗರಸ ಸಾಕವ್ವನಿಗೆ ಹಸು ಕೊಟ್ಟ. ಬಣ್ಣದ ಕೊಳೆಗೆ ತನ್ನ ಹಿತ್ತಲಲ್ಲೇ ಗಾರೆಯ ತೊಟ್ಟಿ ಕಟ್ಟಿಸಿದ. ಕಾಲುವೆಯ ಕೆಸರನ್ನೂ ಅವನೇ ಎತ್ತಿದ.

ತಿಳಿಯಿತೇನ್ರಪ್ಪ? ಮಳೆ ನೀರಿಗೆ ಸುರಿದದ್ದು ಮಾಯವಾಗುವುದಿಲ್ಲ, ಕೆಳಗಿನವರ ಬಿಂದಿಗೆಗೆ ಬರುತ್ತದೆ. ಕಾಲುವೆ ಯಾರ ಹೆಸರಲ್ಲಿದ್ದರೂ ನೀರು ಕುಡಿಯುವವರೆಲ್ಲರದು.

ಇನ್ನು ಕೆಂಚ. ರಾಜರು ಇನಾಮಾಗಿ ಆನೆ ಕೊಡುತ್ತಾರೆಂದು ಅಂಗಳ ಗುಡಿಸಿಟ್ಟು ಕಾದ. ಕೊಳಕ್ಕೆ ನೀಲಿ ಬಿಟ್ಟವನೇ ಕೊಳ ತೊಳೆಯಲಿ ಎಂದು ಅಪ್ಪಣೆಯಾಯಿತು. ಅವನಿಗೆ ಕೊಟ್ಟದ್ದು ಒಂದು ಕಡ್ಡಿ ಪೊರಕೆ.