ಚುಕ್ಕೆ ಇಲ್ಲದ ಊರು

ಆ ನಕಾಶೆ ಮಡಿಸಿ ಅತ್ಲಾಗೆ ಎಸಿ ಚೆನ್ನಿ, ನೋಡಿದ್ರೆ ಮೈ ಉರಿಯುತ್ತೆ ನಂಗೆ. ಅಷ್ಟು ದೊಡ್ಡ ದೇಶ, ಅದರ ಅಕ್ಕಪಕ್ಕದ ದೇಶಗಳು, ಎಲ್ಲೆಲ್ಲಿಗೋ ಹೋಗೋ ದಾರಿ, ಎಲ್ಲಾ ಬರೆದೋನಿಗೆ ನಮ್ಮೂರೊಂದು ಕಾಣಲಿಲ್ವಾ? ಅಳಬೇಡ ಕಂದ. ಬಾ, ಈ ಅಜ್ಜಿ ಮಗ್ಗುಲಲ್ಲಿ ಮಲಗು, ಒಂದು ಕತೆ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ನಕಾಶೆಯಲ್ಲಿ ಇಲ್ಲದ್ದು ನಾಡಲ್ಲೇ ಇಲ್ಲ ಅನ್ನೋ ಒಬ್ಬ ರಾಜ ಇದ್ದನಂತೆ. ಅವನ ನಾಡು ಎಷ್ಟು ದೊಡ್ಡದು ಅಂದ್ರೆ, ಒಂದು ತುದೀಲಿ ಬಿತ್ತೋ ಹೊತ್ತಿಗೆ ಇನ್ನೊಂದು ತುದೀಲಿ ಕೊಯ್ಯೋರಂತೆ. ತನ್ನ ನಾಡಿನ ದಾರಿ, ನೆರೆನಾಡಿನ ದಾರಿ ಎಲ್ಲಾ ಬರಿ ಅಂತ ಒಬ್ಬ ನಕಾಶೆಗಾರನ್ನ ಕಳಿಸಿದನಂತೆ. ಅವನೋ ಹೊಟ್ಟೆಬಾಕ. ಊಟ ಹಾಕಿದ ಊರಿಗೆ ಚುಕ್ಕೆ, ತುಪ್ಪ ಸುರಿದ ಊರಿಗೆ ದಪ್ಪ ಚುಕ್ಕೆ. ತುಂಬೆಹಟ್ಟೀಲಿ ಕೆಂಚವ್ವ ಅನ್ನೋಳು ಬಿಸಿ ರಾಗಿಮುದ್ದೆ, ಹುರುಳಿ ಸಾರು ಬಡಿಸಿದ್ರೆ ಮೂಗು ಮುರಿದು ಎದ್ದನಂತೆ. ಊರೂ ಬರೀಲಿಲ್ಲ, ಊರ ಕೆರೇನೂ ಬರೀಲಿಲ್ಲ. ಅದರ ಮೇಲೇ ನೆಟ್ಟಗೆ ಒಂದು ದಾರಿ ಎಳೆದು ಹೋದನಂತೆ, ಅವನ ಕೈ ಸೇದಿಹೋಗ!

ಆಮೇಲೆ ಕೆರೆ ಏರಿ ಬಿರುಕು ಬಿಡ್ತಂತೆ. ದೊಡ್ಡ ಮಳೆ ಹಿಡಿಯೋದ್ರೊಳಗೆ ಕಟ್ಟದಿದ್ರೆ ಊರೇ ಕೊಚ್ಚಿಹೋಗುತ್ತೆ, ಆಳು ಕಳಿಸಿ ಅಂತ ಕೆಂಚವ್ವ ಅರಮನೆಗೆ ಹೋದಳಂತೆ. ನಕಾಶೆಗಾರ ನಕಾಶೆ ಹಾಸಿ, ಅಂಥ ಊರೇ ಇಲ್ಲ ಹೋಗು ಅಂದನಂತೆ. ದೇವರು ವರ ಕೊಟ್ರೂ ಪೂಜಾರಿ ಕೊಡ ನೋಡು. ಎರಡನೇ ಸಲ ಕೆರೆ ಮೀನು ಹೊತ್ಕೊಂಡು ಹೋದಳಂತೆ. ಮೀನು ಯಾವ ಕೆರೇದಾದ್ರೂ ಆಗಬಹುದು ಅಂದನಂತೆ. ಮೂರನೇ ಸಲ ಊರಿಗೆ ಊರನ್ನೇ ಕರ್ಕೊಂಡು ಹೋದ್ರೆ, ನೀವು ಹೊರಟ ಊರು ಇದ್ರಲ್ಲಿಲ್ಲ, ಹಾಗಾಗಿ ನೀವು ಬಂದೇ ಇಲ್ಲ ಅಂದುಬಿಟ್ಟನಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಕೆಂಚವ್ವ ಉರಿದುಬಿದ್ದಳಂತೆ. ಬಾಗಿಲು ಹಾಕಿಬಿಟ್ರಂತೆ.

ಆಮೇಲೆ ಏನಾಯ್ತು, ರಾಜ ಮಗಳ ಮದುವೆಗೆ ಅಂತ ನಕಾಶೆ ಹಿಡ್ಕೊಂಡು ನೆರೆನಾಡಿಗೆ ಹೊರಟನಂತೆ. ತುಂಬೆಹಟ್ಟಿ ಹತ್ರ ಸಾರಥಿ, ಸ್ವಾಮಿ ಮುಂದೆ ನೀರು ಅಂದ್ರೆ, ನಕಾಶೇಲಿ ನೀರಿಲ್ಲ ಹೊಡಿ ಅಂದನಂತೆ ನಕಾಶೆಗಾರ. ಮೇಲೆ ಹುಲ್ಲು, ಕೆಳಗೆ ಹೂಳು. ರಥ ಗಾಲಿ ಸಮೇತ ಇಳೀತಂತೆ. ಕೆಂಚವ್ವ ಹಗ್ಗ ತಂದು ಮೊದಲು ಮದುವೆ ಹೆಣ್ಣನ್ನ, ಆಮೇಲೆ ಸಾರಥೀನ ಎಳೆದಳಂತೆ, ಪಾಪ ಅವರೇನು ಮಾಡಿದ್ರು. ರಾಜ ಕೈ ಚಾಚಿದ್ರೆ ಹಗ್ಗ ಹಿಂದಕ್ಕೆ ಎಳ್ಕೊಂಡು, ನೀನು ಎಲ್ಲಿದ್ದೀಯಪ್ಪ ಅಂತ ಕೇಳಿದಳಂತೆ. ದಾರೀಲಿ ಅಂದನಂತೆ. ಮೊಣಕಾಲವರೆಗೆ ಹೂತ. ಮತ್ತೆ ಕೇಳಿದ್ರೆ, ಕೆಸರಲ್ಲಿ ಅಂದನಂತೆ. ಸೊಂಟದವರೆಗೆ ಹೂತ. ಮೂರನೇ ಸಲ ಕೇಳಿದಾಗ, ಕೆರೇಲಿ ಕಣವ್ವಾ, ನಿಮ್ಮೂರ ಕೆರೇಲಿ, ಅಂತ ಕೂಗಿಕೊಂಡನಂತೆ!

ರಾಜನ್ನ, ಅವನ ಹಿಂದೆ ನಕಾಶೆಗಾರನ್ನ ದಡಕ್ಕೆ ಎಳೆದು ಹಾಕಿದಳಂತೆ. ದಡಕ್ಕೆ ಬಂದ ರಾಜ ನಕಾಶೆಗಾರನ ಮೇಲೆ ಕತ್ತಿ ಹಿರಿದ್ರೆ, ಅವನ್ನ ಕಡಿದು ನೀನು ಒಳ್ಳೇವನಾಗ್ತೀಯಾ? ನಿನ್ನ ನಾಡಲ್ಲಿ ಒಂದು ದಿನ ನೀನು ನಡೆದಿದ್ದೀಯಾ? ಅಂದಳಂತೆ ಕೆಂಚವ್ವ. ರಾಜ ಕತ್ತಿ ಒರೆಗೆ ಸೇರಿಸಿದನಂತೆ. ಹಿಂದಿನಿಂದ ಬಂದು ಸೇರಿದ ದಿಬ್ಬಣದ ಆಳುಗಳೆಲ್ಲಾ ಏರಿಗೆ ಮಣ್ಣು ಹೊತ್ರಂತೆ, ರಾಜನೂ ಹೊತ್ತ, ನಕಾಶೆಗಾರನೂ ಹೊತ್ತ. ಏರಿ ಗಟ್ಟಿಯಾದ ಮೂರನೇ ದಿನಕ್ಕೆ ಮಳೆ ಹಿಡೀತಂತೆ, ಹನಿ ನೀರು ಆಚೆ ಹೋಗಲಿಲ್ಲಂತೆ. ಹುಡುಗಿ ಮದುವೇನೂ ಸುಖವಾಗಿ ಆಯ್ತಂತೆ.

ನಕಾಶೆಗಾರ? ಮಣ್ಣು ಹೊತ್ತ ಹಸಿವಿಗೆ ಅದೇ ಏರಿ ಮೇಲೆ ಕೂತು ಎರಡು ಮುದ್ದೆ ಉಂಡು, ಸಾರು ಹತ್ತಿದ ಬೆರಳಲ್ಲೇ ನಕಾಶೆ ಮೇಲೆ ಚುಕ್ಕೆ ಇಟ್ಟನಂತೆ. ನಾಡಿಗೆಲ್ಲಾ ಅದೇ ದಪ್ಪ ಚುಕ್ಕೆಯಂತೆ.

ಅವರು ಅಲ್ಲಿ ಚೆನ್ನಾಗಿದ್ರು, ಕತೆ ಇಲ್ಲಿಗೆ ಮುಗೀತು. ಆದ್ರೆ ನನ್ನ ಸಿಟ್ಟು ಮುಗೀಲಿಲ್ಲ ಚೆನ್ನಿ. ಎಸೀಬೇಡ ಆ ನಕಾಶೆ, ಎತ್ತಿಡು. ಬೆಳಗ್ಗೆ ಮುದ್ದೆ ಉಂಡು ಕೈ ತೊಳೀಬೇಡ, ನಮ್ಮೂರ ಚುಕ್ಕೆ ನೀನೇ ಇಡುವಂತೆ.